ಊರ ಕಟ್ಟೆಯ ಮೇಲೆ ಹವಾಮಾನ ಚರ್ಚೆ: ಸಿದ್ಧತೆ ಹೇಗೆ? ಮಂಡಿಸುವುದು ಹೇಗೆ?

ಮಿರಗ ಹತ್ತಿರ ಬಂತೆಂದರೆ ರಾಯಬಾಗ, ಅಥಣಿ, ಚಿಕ್ಕೋಡಿ ಭಾಗದ ಯಾವ ಊರಿಗೆ ಹೋದರೂ ಗುಡಿಯ ಕಟ್ಟೆಯ ಮೇಲೆ ನಡೆಯುವ ಮಾತು ಒಂದೇ. ಮಳೆ ಯಾವಾಗ? ಕೂರಿಗೆ ಹೂಡಬೇಕೋ, ಕಾಯಬೇಕೋ? ಒಬ್ಬರು ಪಂಚಾಂಗ ನೋಡಿ ಹೇಳುತ್ತಾರೆ. ಇನ್ನೊಬ್ಬರು ಮೊಬೈಲಿಗೆ ಬಂದ ಸುದ್ದಿಯನ್ನು ತೋರಿಸುತ್ತಾರೆ. ಮೂರನೆಯವರು, ಪಕ್ಕದ ಊರಿನಲ್ಲಿ ಆಗಲೇ ಬಿತ್ತನೆ ಮುಗಿಯಿತೆಂದು ಅವಸರ ಹಚ್ಚುತ್ತಾರೆ. ಮಾತು ಬೇಕಾದಷ್ಟಾಗುತ್ತದೆ, ಎದ್ದು ಮನೆಗೆ ಹೋಗುವಾಗ ನಾಳೆ ಏನು ಮಾಡಬೇಕೆಂಬುದು ಮಾತ್ರ ಯಾರಿಗೂ ತಿಳಿದಿರುವುದಿಲ್ಲ.

ರೈತ ಬಾಂಧವರೆ, ಹವಾಮಾನದ ಮಾಹಿತಿಗೆ ಈಗ ಕೊರತೆಯಿಲ್ಲ. ಭಾರತ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ರೈತರಿಗೆಂದೇ ಹವಾಮಾನ ವರದಿಯನ್ನು ಅದು ಕೊಡತೊಡಗಿದ್ದು 1945ರಲ್ಲಿ. ರಾಜ್ಯ ಮಟ್ಟದ ಕೃಷಿ ಹವಾಮಾನ ಸಲಹೆ 1976ರಲ್ಲಿ ಬಂತು, ಜಿಲ್ಲಾ ಮಟ್ಟದ್ದು 2008ರಲ್ಲಿ. ಈಗ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಮುಂದಿನ ಐದು ದಿನಗಳ ಮುನ್ಸೂಚನೆಯೊಡನೆ ಜಿಲ್ಲೆಯ ಸಲಹಾ ಪ್ರಕಟಣೆ ಹೊರಬೀಳುತ್ತದೆ. 2024ರ ಅಕ್ಟೋಬರಿನಿಂದ ಗ್ರಾಮ ಪಂಚಾಯಿತಿ ಮಟ್ಟದ ಮುನ್ಸೂಚನೆಯೂ ದೊರೆಯುತ್ತಿದೆ. ಕೊರತೆ ಇರುವುದು ಬೇರೆಡೆ. ಇಷ್ಟೆಲ್ಲವನ್ನು ಓದಿ, ಅರಗಿಸಿ, ಅಲಖನೂರಿನಂಥ ಒಂದು ಊರಿನ ಎರೆ ಹೊಲಕ್ಕೆ, ಮಸಾರಿ ಹೊಲಕ್ಕೆ, ಅರಿಶಿಣದ ತೋಟಕ್ಕೆ ಅದರ ಅರ್ಥವೇನೆಂದು ಹತ್ತು ಜನರ ಮುಂದೆ ಹೇಳುವವರಿಲ್ಲ.

ಹವಾಮಾನ ಕಚೇರಿಗಳಲ್ಲಿ ಮುನ್ಸೂಚನೆ ಹೊರಡಿಸುವ ಮೊದಲು ವಿಜ್ಞಾನಿಗಳು ನಕಾಶೆಗಳನ್ನು ಮುಂದಿಟ್ಟುಕೊಂಡು ಚರ್ಚೆ ಮಾಡುತ್ತಾರೆ. ನಿನ್ನೆ ಏನಾಯಿತು, ಇಂದು ಏನಿದೆ, ನಾಳೆ ಏನಾಗಬಹುದು, ಆ ಮಾತಿನ ಮೇಲೆ ಎಷ್ಟು ಭರವಸೆ ಇಡಬಹುದು ಎಂಬುದು ಅದರ ಕ್ರಮ. ಇದೇ ಕ್ರಮವನ್ನು ಹಳ್ಳಿಯ ಕಟ್ಟೆಗೆ ತರಬಹುದು. ನಾವು ಅದಕ್ಕೆ ಸೇರಿಸಬೇಕಾದುದು ಒಂದೇ ಪ್ರಶ್ನೆ: ಹಾಗಾದರೆ ಹೊಲದಲ್ಲಿ ಏನು ಮಾಡಬೇಕು?

ನಮ್ಮ ಸೀಮೆಯ ಎರಡು ಆಕಾಶ

ಚರ್ಚೆ ನಡೆಸುವವರು ಮೊದಲು ತಮ್ಮ ಸೀಮೆಯ ಸ್ವಭಾವ ತಿಳಿದಿರಬೇಕು. ರಾಯಬಾಗ, ಅಥಣಿ ತಾಲ್ಲೂಕುಗಳು ಕೃಷಿ ಹವಾಮಾನದ ವಿಂಗಡಣೆಯಲ್ಲಿ ಉತ್ತರ ಒಣ ವಲಯಕ್ಕೆ ಸೇರುತ್ತವೆ. ಚಿಕ್ಕೋಡಿ, ಅದರಿಂದ ಬೇರೆಯಾದ ನಿಪ್ಪಾಣಿ, ಇವು ಸಂಕ್ರಮಣ ವಲಯದಲ್ಲಿವೆ. ಸಹ್ಯಾದ್ರಿಯ ನೆತ್ತಿಯ ಮೇಲಿರುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ.ಗೂ ಮೀರಿ ಮಳೆಯಾದರೆ, ಬೆಟ್ಟದ ಮರೆಯಲ್ಲಿರುವ ರಾಯಬಾಗ–ಅಥಣಿಯ ಕಡೆಗೆ ಬರುವುದು ಅದರ ಹತ್ತರಲ್ಲೊಂದು ಪಾಲಿನ ಆಸುಪಾಸು. ನಿಪ್ಪಾಣಿಯಿಂದ ಪೂರ್ವಕ್ಕೆ ಬಂದಂತೆ ಮಳೆ ಇಳಿಯುತ್ತ ಹೋಗುತ್ತದೆ.

ಆದುದರಿಂದ ನಮ್ಮ ಭಾಗದ ಚರ್ಚೆಯಲ್ಲಿ ಎರಡು ಆಕಾಶಗಳನ್ನು ನೋಡಬೇಕಾಗುತ್ತದೆ. ಹೊಲಕ್ಕೆ ಬೇಕಾದುದು ನಮ್ಮ ತಲೆಯ ಮೇಲಿನ ಆಕಾಶ. ಹೊಳೆಗೆ ಬೇಕಾದುದು ಕೊಯ್ನಾ, ವಾರಣಾ, ಪಂಚಗಂಗಾ, ದೂಧಗಂಗಾ, ವೇದಗಂಗಾ ನದಿಗಳ ತಲೆಯ ಮೇಲಿನ ಆಕಾಶ. ಜುಲೈ ತಿಂಗಳಲ್ಲಿ ನಮ್ಮ ಗೋವಿನಜೋಳ ಒಣಗಿ ಎಲೆ ಸುತ್ತಿಕೊಂಡಿರುವಾಗಲೇ ಕೃಷ್ಣೆ ತುಂಬಿ ಹರಿಯುವುದುಂಟು. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಕೇಳುವವರಿಗೆ ಗೊಂದಲವಾಗುತ್ತದೆ. ಬೇರೆ ಬೇರೆಯಾಗಿ ಹೇಳಿರಿ.

ಅಳೆಯದೆ ಚರ್ಚೆಯಿಲ್ಲ

‘ಚಲೋ ಮಳೆ ಆಯಿತು’ ಎಂಬ ಮಾತಿನಿಂದ ಯಾವ ಲೆಕ್ಕವೂ ಆಗುವುದಿಲ್ಲ. ಊರಿಗೆ ಕನಿಷ್ಠ ಎರಡು ಮಳೆಮಾಪಕಗಳಿರಲಿ. ಒಂದು ಊರ ಬದಿಗೆ, ಇನ್ನೊಂದು ದೂರದ ಹೊಲದ ಕಡೆಗೆ. ಕೊಳ್ಳುವುದಾಗದಿದ್ದರೆ ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ, ನೆಟ್ಟಗೆ ಗೋಡೆಯ, ತಳ ಸಮನಾದ ಒಂದು ಡಬ್ಬಿ ಸಾಕು. ಅದರಲ್ಲಿ ನಿಂತ ನೀರಿನ ಆಳವನ್ನು ಶಾಲೆಯ ಮಕ್ಕಳ ಅಳತೆಪಟ್ಟಿಯಿಂದ ಅಳೆದರೆ ಬರುವ ಮಿಲಿಮೀಟರೇ ಮಳೆಯ ಪ್ರಮಾಣ. ಬಾಯಿ ಅಗಲ, ಬುಡ ಸಣ್ಣದಾದ ಬಕೆಟ್ ಇದಕ್ಕೆ ಉಪಯೋಗವಿಲ್ಲ, ಅದು ಹೆಚ್ಚು ತೋರಿಸುತ್ತದೆ. ಡಬ್ಬಿಯನ್ನು ಗಿಡದ ಕೆಳಗಾಗಲಿ ಮನೆಯ ಸೂರಿನ ಪಕ್ಕದಲ್ಲಾಗಲಿ ಇಡಬಾರದು. ಹತ್ತಿರದ ಗಿಡ ಎಷ್ಟು ಎತ್ತರವಿದೆಯೋ ಅದರ ಎರಡು ಪಟ್ಟು ದೂರ ಬಯಲಿನಲ್ಲಿ, ಗಾಳಿಗೆ ಅಲುಗಾಡದಂತೆ ಹೂಳಿ ಇಡಬೇಕು. ಅಳೆಯುವ ಸಮಯ ಬೆಳಿಗ್ಗೆ 8.30. ದೇಶದ ಎಲ್ಲ ಮಳೆಮಾಪನ ಕೇಂದ್ರಗಳಲ್ಲಿಯೂ ಇದೇ ವೇಳೆಗೆ ಅಳೆಯುವುದರಿಂದ ನಿಮ್ಮ ಅಂಕಿಯನ್ನು ಅವರ ಅಂಕಿಯೊಡನೆ ಹೋಲಿಸಲು ಬರುತ್ತದೆ.

ಒಂದು ಮಿ.ಮೀ. ಮಳೆಯೆಂದರೆ ಎಕರೆಗೆ ಸುಮಾರು 4,000 ಲೀಟರ್, ಗುಂಟೆಗೆ 100 ಲೀಟರ್ ನೀರು. ಇದನ್ನು ಒಮ್ಮೆ ಕಟ್ಟೆಯ ಮೇಲೆ ಹೇಳಿ ನೋಡಿರಿ; ಅಂದಿನಿಂದ ಮಿಲಿಮೀಟರ್ ಎಂಬ ಪದಕ್ಕೆ ತೂಕ ಬರುತ್ತದೆ. 24 ಗಂಟೆಗಳಲ್ಲಿ 2.5 ಮಿ.ಮೀ. ಅಥವಾ ಅದಕ್ಕೂ ಹೆಚ್ಚು ಬಿದ್ದರೆ ಮಾತ್ರ ಅದನ್ನು ‘ಮಳೆಯ ದಿನ’ ಎಂದು ಲೆಕ್ಕಕ್ಕೆ ಹಿಡಿಯುತ್ತಾರೆ. ಮಣ್ಣು ವಾಸನೆ ಬಂದಷ್ಟಕ್ಕೇ ಮಳೆಯಾಯಿತೆಂದು ಬರೆದುಕೊಳ್ಳಬೇಡಿರಿ.

ಡಬ್ಬಿಯ ಜೊತೆಗೆ ಒಂದು ಸಲಾಕೆ ಬೇಕು. ಬಿದ್ದ ಮಳೆ ಬೇರೆ, ಭೂಮಿಗೆ ಇಳಿದ ಹಸಿ ಬೇರೆ. ಎರೆ ಭೂಮಿ ಜಿಗುಟು ಮಣ್ಣಾದುದರಿಂದ ಅದೇ ಮಳೆಗೆ ಹಸಿ ಮೇಲುಮೇಲೆ ನಿಲ್ಲುತ್ತದೆ, ಮಸಾರಿಯಲ್ಲಿ ಆಳಕ್ಕೆ ಇಳಿಯುತ್ತದೆ. ಮಸಾರಿ ಬೇಗ ಒಣಗುತ್ತದೆ, ಎರೆ ತಡೆದುಕೊಳ್ಳುತ್ತದೆ. ಜೂನ್ ತಿಂಗಳ ಗಾಳಿಗೆ ದಿನಕ್ಕೆ ಐದಾರು ಮಿ.ಮೀ. ನೀರು ಆರಿಹೋಗಬಲ್ಲದು, ಅಂದರೆ ಮೊನ್ನೆಯ 20 ಮಿ.ಮೀ. ಇಂದಿಗೆ 20 ಆಗಿ ಉಳಿದಿರುವುದಿಲ್ಲ. ಚರ್ಚೆಯ ದಿನ ಬೆಳಿಗ್ಗೆ ಎರಡೂ ಬಗೆಯ ಹೊಲದಲ್ಲಿ ಸಲಾಕೆ ಚುಚ್ಚಿ, ಇಲ್ಲವೆ ಸನಿಕೆಯಿಂದ ಅಗೆದು, ಹಸಿ ಎಷ್ಟು ಬೆರಳು ಇಳಿದಿದೆ ಎಂದು ನೋಡಿ ಬರೆದುಕೊಳ್ಳಬೇಕು.

ಮುನ್ಸೂಚನೆಯ ಭಾಷೆ

ಹವಾಮಾನ ವರದಿಯ ಪದಗಳು ದಿನಬಳಕೆಯ ಪದಗಳಂತೆ ಕಂಡರೂ ಅವುಗಳ ಹಿಂದೆ ಅಳತೆಯಿದೆ. ‘ಹಗುರ ಮಳೆ’ ಎಂದರೆ 24 ಗಂಟೆಗಳಲ್ಲಿ 2.5ರಿಂದ 15.5 ಮಿ.ಮೀ. ‘ಸಾಧಾರಣ ಮಳೆ’ ಎಂದರೆ 15.6ರಿಂದ 64.4. ‘ಭಾರಿ ಮಳೆ’ 64.5ರಿಂದ 115.5. ‘ಅತಿ ಭಾರಿ’ 115.6ರಿಂದ 204.4, ಅದಕ್ಕೂ ಮೀರಿದ್ದು ‘ಅತ್ಯಂತ ಭಾರಿ’. ಇದರಲ್ಲಿ ಸಾಧಾರಣ ಎಂಬ ಪದ ನಮ್ಮನ್ನು ಮೋಸಗೊಳಿಸುವಂಥದ್ದು. 16 ಮಿ.ಮೀ. ಬಿದ್ದರೆ ಎರೆ ಹೊಲಕ್ಕೆ ಬಿತ್ತುವ ಹದ ಬರಲಾರದು, 60 ಮಿ.ಮೀ. ಬಿದ್ದರೆ ಬದುವಿನ ಮೇಲೆ ನೀರು ಹರಿದೀತು. ಎರಡಕ್ಕೂ ಹೆಸರು ಒಂದೇ. ಆದಕಾರಣ ಪದವನ್ನಷ್ಟೇ ಓದದೆ, ಪ್ರಕಟಣೆಯ ಕೋಷ್ಟಕದಲ್ಲಿ ಆಯಾ ದಿನದ ಮುಂದೆ ಕೊಟ್ಟಿರುವ ಮಿ.ಮೀ. ಅಂಕಿಯನ್ನೂ ಹೇಳಬೇಕು.

ಹಾಗೆಯೇ ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳ ಪೈಕಿ ನೂರಕ್ಕೆ 25ರವರೆಗೆ ಮಳೆಯಾಗಬಹುದು ಎಂದು ಅರ್ಥ. ‘ಕೆಲವು ಕಡೆ’ ಎಂದರೆ 26ರಿಂದ 50, ‘ಹಲವು ಕಡೆ’ ಎಂದರೆ 51ರಿಂದ 75, ‘ಬಹುತೇಕ ಎಲ್ಲ ಕಡೆ’ ಎಂದರೆ ಅದಕ್ಕೂ ಹೆಚ್ಚು. ಒಂದೆರಡು ಕಡೆ ಮಳೆ ಎಂದು ಹೇಳಿದ ದಿನ ಅಲಖನೂರಿನಲ್ಲಿ ಹನಿ ಬೀಳದೆ ಹೋದರೆ ಇಲಾಖೆಯನ್ನು ಬೈದು ಫಲವಿಲ್ಲ. ನಾಲ್ಕು ಊರುಗಳಲ್ಲಿ ಮೂರಕ್ಕೆ ಬರಲಿಕ್ಕಿಲ್ಲ ಎಂದೇ ಅವರು ಹೇಳಿದ್ದರು.

ಬಣ್ಣಗಳ ವಿಷಯ ಬೇಗ ಮುಗಿಸಬಹುದು. ಹಸಿರಿಗೆ ಎಚ್ಚರಿಕೆ ಇಲ್ಲ. ಹಳದಿಗೆ ಗಮನವಿಡಿ. ಕಿತ್ತಳೆಗೆ ಸಿದ್ಧರಾಗಿರಿ. ಕೆಂಪಿಗೆ ಕೆಲಸ ಬಿಟ್ಟು ಜೀವ, ದನಕರು, ಕಾಳುಕಡಿ ನೋಡಿಕೊಳ್ಳಿರಿ.

ಎಷ್ಟು ದಿನ ಮುಂದಿನ ಮಾತನ್ನು ನಂಬಬೇಕೆಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ಐದು ದಿನಗಳ ಮುನ್ಸೂಚನೆಯ ಮೇಲೆ ಹೊಲದ ಕೆಲಸ ಹೊಂದಿಸಬಹುದು. ಅದರಲ್ಲಿಯೂ ಮೊದಲ ಎರಡು ದಿನದ್ದು ಗಟ್ಟಿ, ಐದನೆಯ ದಿನದ್ದು ಸಡಿಲು. ಪ್ರತಿ ಗುರುವಾರ ಇಲಾಖೆ ನಾಲ್ಕು ವಾರಗಳ ಮುನ್ನೋಟ ಹೊರಡಿಸುತ್ತದೆ. ಅದು ವಾರದ ಒಲವನ್ನು ಹೇಳುತ್ತದೆ, ದಿನವನ್ನಲ್ಲ. ಮುಂದಿನ ತಿಂಗಳ ಇಂಥ ತಾರೀಖಿಗೆ ನಿಮ್ಮ ಊರಿಗೆ ಮಳೆ ಎಂದು ಯಾರಾದರೂ ಹೇಳಿದರೆ, ಅದು ಯಾವ ಮೊಬೈಲಿನಲ್ಲಿ ಬಂದಿದ್ದರೂ, ಕಟ್ಟೆಯ ಮೇಲೆ ಓದುವ ಯೋಗ್ಯತೆ ಅದಕ್ಕಿಲ್ಲ.

ಏಪ್ರಿಲ್ ತಿಂಗಳಲ್ಲಿ ಬರುವ ಇಡೀ ಹಂಗಾಮಿನ ಮುನ್ಸೂಚನೆ ಇಡೀ ದೇಶಕ್ಕೆ ಸಂಬಂಧಿಸಿದ್ದು, ರಾಯಬಾಗ ತಾಲ್ಲೂಕಿಗೆ ಅದನ್ನು ಎಳೆದು ತರಬಾರದು. 2009ನೇ ಇಸವಿಯನ್ನು ನೆನಪಿಸಿಕೊಳ್ಳಿರಿ. ಆ ಏಪ್ರಿಲ್‌ನಲ್ಲಿ ಹೇಳಿದ್ದು ವಾಡಿಕೆಯ ನೂರಕ್ಕೆ 96ರಷ್ಟು ಮಳೆ. ಮುಂಗಾರು ಕೇರಳಕ್ಕೆ ಮೇ 23ರಂದೇ, ವಾಡಿಕೆಗಿಂತ ವಾರಕ್ಕೂ ಮೊದಲು ಬಂತು. ಹಂಗಾಮು ಮುಗಿದಾಗ ದೇಶಕ್ಕೆ ಸಿಕ್ಕಿದ್ದು ನೂರಕ್ಕೆ 78 ಮಾತ್ರ. ಅದೇ ವರ್ಷ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದ ಮೇಲೆ ಮಹಾಮಳೆ ಸುರಿದು ಊರೂರು ಮುಳುಗಿದವು. ಬೇಗ ಬಂದ ಮುಂಗಾರು, ಬರ, ನೆರೆ, ಮೂರೂ ಒಂದೇ ವರ್ಷದಲ್ಲಿ. 2025ರಲ್ಲಿಯೂ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಆದರೆ ಮೇ ಕೊನೆಯಿಂದ ಜೂನ್ ಎರಡನೆಯ ವಾರದವರೆಗೆ ಮುಂದುವರಿಯದೆ ನಿಂತುಬಿಟ್ಟಿತು. ಮುಂಗಾರು ಕೇರಳಕ್ಕೆ ಬಂತು ಎಂಬ ಸುದ್ದಿ ಬೀಜದ ಚೀಲ ಬಿಚ್ಚಲು ಕಾರಣವಾಗಬಾರದು.

ಹಿರಿಯರ ಮಳೆ ನಕ್ಷತ್ರಗಳ ಬಗ್ಗೆಯೂ ಕೇಳುವವರಿರುತ್ತಾರೆ. ರೋಹಿಣಿ, ಮಿರಗ, ಆರಿದ್ರಾ, ಪುನರ್ವಸು ಎಂದು ಹದಿಮೂರು–ಹದಿನಾಲ್ಕು ದಿನಗಳಿಗೊಂದರಂತೆ ಬರುವ ಈ ಹೆಸರುಗಳು ಸೂರ್ಯನ ಚಲನೆಯನ್ನು ಅನುಸರಿಸಿದವು. ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತವೆ. ಮಿರಗ ಜೂನ್ 7–8ಕ್ಕೆ, ಆರಿದ್ರಾ ಜೂನ್ 21–22ಕ್ಕೆ. ಕಾಲ ಅಳೆಯಲು ಇದಕ್ಕಿಂತ ಒಳ್ಳೆಯ ಪಟ್ಟಿ ನಮ್ಮ ರೈತರಿಗೆ ಬೇಕಿಲ್ಲ. ನಿಮ್ಮ ಮಳೆಯ ಲೆಕ್ಕವನ್ನು ಇದೇ ಹೆಸರಿನಲ್ಲಿ ಬರೆಯಿರಿ. ಈ ನಕ್ಷತ್ರದ ವಾಹನ ಕಪ್ಪೆ, ಆದ್ದರಿಂದ ಮಳೆ ಹೆಚ್ಚು, ನರಿ ಬಂದರೆ ಕಡಿಮೆ ಎಂಬ ಮಾತು ಬೇರೆ. ಅದನ್ನು ನಂಬುವವರೊಡನೆ ವಾದಕ್ಕಿಳಿಯಬೇಡಿರಿ. ವಾಹನದ ಹೆಸರನ್ನೂ ವಹಿಯಲ್ಲಿ ಒಂದು ಅಂಕಣ ಮಾಡಿ ಬರೆದು, ಡಬ್ಬಿಯ ಅಂಕಿಯನ್ನು ಅದರ ಪಕ್ಕಕ್ಕೆ ಇಡಿರಿ. ಎರಡು ಮೂರು ವರ್ಷಗಳಲ್ಲಿ ವಹಿಯೇ ಉತ್ತರ ಹೇಳುತ್ತದೆ.

ಮಂಗಳವಾರದ ಸಿದ್ಧತೆ

ಪ್ರಕಟಣೆ ಬರುವುದು ಮಂಗಳವಾರ ಮತ್ತು ಶುಕ್ರವಾರವಾದುದರಿಂದ ಚರ್ಚೆಯನ್ನೂ ಆ ದಿನ ಸಂಜೆ, ಡೇರಿಗೆ ಹಾಲು ಹಾಕಿ ಬಂದ ಮೇಲೆ ಇಟ್ಟುಕೊಳ್ಳುವುದು ಅನುಕೂಲ. ಅರ್ಧ ತಾಸು ಸಾಕು. ಅದಕ್ಕಿಂತ ಹೆಚ್ಚಾದರೆ ಮುಂದಿನ ವಾರ ಜನ ಬರುವುದಿಲ್ಲ. ಊರಿನ ಓದಿದ ತರುಣರೊಬ್ಬರು, ತರುಣಿಯಾದರೂ ಸರಿಯೆ, ಹೊಣೆ ಹೊತ್ತರೆ ಜೊತೆಗೆ ಬೇಸಾಯದಲ್ಲಿ ನುರಿತ ಹಿರಿಯರೊಬ್ಬರು ಇರಲಿ. ಒಬ್ಬರು ಅಂಕಿ ಹೇಳಿದರೆ ಇನ್ನೊಬ್ಬರು ಹೊಲ ಹೇಳುತ್ತಾರೆ.

ಸಿದ್ಧತೆಗೆ ಬೇಕಾದ ಕಾಗದ ಹೆಚ್ಚಿಲ್ಲ. ಹಿಂದಿನ ವಾರದ ಮುನ್ಸೂಚನೆ, ಡಬ್ಬಿಯ ಅಂಕಿಗಳು, ಸಲಾಕೆಯ ಅಳತೆ, ಇಂದಿನ ಪ್ರಕಟಣೆ, ಊರಿನ ಬೆಳೆಗಳು ಈಗ ಯಾವ ಹಂತದಲ್ಲಿವೆ ಎಂಬ ನಾಲ್ಕು ಸಾಲು. ಪ್ರಕಟಣೆಯನ್ನು ‘ಮೇಘದೂತ’ ಎಂಬ ಮೊಬೈಲ್ ಸೇವೆಯಲ್ಲಿ ಕನ್ನಡದಲ್ಲಿಯೇ ಓದಬಹುದು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಯೂ ಇದೆ. ಬೆಳೆಗೆ ಸಂಬಂಧಿಸಿದ ಸಂದೇಹವಿದ್ದರೆ 1800-180-1551ಕ್ಕೆ, ಅಂದರೆ ಕಿಸಾನ್ ಕಾಲ್ ಸೆಂಟರಿಗೆ, ದುಡ್ಡಿಲ್ಲದೆ ಫೋನು ಮಾಡಬಹುದು. ಎರಡು ಕಡೆಯ ಮುನ್ಸೂಚನೆ ಒಂದಕ್ಕೊಂದು ಹೊಂದದಿದ್ದರೆ ನಮಗೆ ಇಷ್ಟವಾದದ್ದನ್ನು ಆರಿಸಿಕೊಂಡು ಇನ್ನೊಂದನ್ನು ಬಚ್ಚಿಡಬಾರದು. ಹೊಂದದಿರುವುದೂ ಒಂದು ಸುದ್ದಿಯೇ. ಅಂದು ನಂಬಿಕೆ ಕಡಿಮೆ ಎಂದು ಜನರಿಗೆ ತಿಳಿಯಬೇಕು.

ಇನ್ನೊಂದು ಮಾತು. ನಮ್ಮ ದೇಶದ ಮುನ್ಸೂಚನೆಯ ಗಣಕ ಮಾದರಿ 2025ರ ಮೇ ತಿಂಗಳಿನಿಂದ ಆರು ಕಿಲೋಮೀಟರಿನ ಚೌಕಗಳಲ್ಲಿ ಲೆಕ್ಕ ಹಾಕುತ್ತಿದೆ. ಮೊದಲು ಅದು ಹನ್ನೆರಡು ಕಿಲೋಮೀಟರ್ ಇತ್ತು. ದೊಡ್ಡ ಪ್ರಗತಿಯೇ ಸರಿ. ಆದರೂ ಆರು ಕಿಲೋಮೀಟರಿನ ಒಂದು ಚೌಕದೊಳಗೆ ಎರಡು ಮೂರು ಊರುಗಳು ಹಿಡಿಸುತ್ತವೆ, ಅಡ್ಡಮಳೆಯಾದರೋ ಒಂದು ಬದು ಬಿಟ್ಟು ಇನ್ನೊಂದು ಬದುವಿಗೆ ಬೀಳುತ್ತದೆ. ಚೌಕದ ಮಾತನ್ನು ನಿಮ್ಮ ಹೊಲದ ಮಾತಾಗಿಸುವುದು ಡಬ್ಬಿ ಮತ್ತು ಸಲಾಕೆ.

ಕಟ್ಟೆಯ ಮೇಲೆ ಮಂಡಿಸುವುದು

ಮೊದಲು ಹೇಳಬೇಕಾದುದು ನಾಳೆಯ ಮಳೆಯಲ್ಲ, ಹೋದ ವಾರದ ಲೆಕ್ಕ. ಹೇಳಿದ್ದರಲ್ಲಿ ಎಷ್ಟು ಸರಿಹೋಯಿತು, ಎಷ್ಟು ತಪ್ಪಿತು ಎಂದು ಮುಚ್ಚುಮರೆಯಿಲ್ಲದೆ ಹೇಳಿದ ಮೇಲೆಯೇ ಮುಂದಿನ ಮಾತಿಗೆ ಬೆಲೆ. ಮಾದರಿಗಾಗಿ ಜೂನ್ ಮೂರನೆಯ ವಾರದ ಒಂದು ಚರ್ಚೆಯನ್ನು ಇಲ್ಲಿ ಬರೆದಿದ್ದೇನೆ. ಅಂಕಿಗಳು ಕಲ್ಪಿತ, ಕ್ರಮವನ್ನು ನೋಡಿರಿ:

“ಹೋದ ಮಂಗಳವಾರ ಏನ ಹೇಳಿದ್ವಿ ಅದನ್ನ ಮೊದಲ ನೋಡೂಣ್ರಿ. ಗುರುವಾರ, ಶುಕ್ರವಾರ ಕೆಲವು ಕಡೆ ಹಗುರ ಮಳಿ ಅಂತ ಇತ್ತು. ನಮ್ಮ ಡಬ್ಬಿಯೊಳಗ ಗುರುವಾರ ಏನೂ ಇಲ್ಲ, ಶುಕ್ರವಾರ 9 ಮಿಲಿಮೀಟರ್. ಆ ಕಡೆ ಹೊಲದ ಡಬ್ಬಿಯೊಳಗ 4. ಒಂದು ದಿನ ತಪ್ಪಿತು, ಮಳಿ ಹಗುರ ಅನ್ನೂದು ಹೊಂದಿತು. ಮಿರಗ ಹತ್ತಿದಾಗಿಂದ ಒಟ್ಟ 31 ಆಗೈತಿ. ಇವತ್ತ ಮುಂಜಾನೆ ಎರಿ ಹೊಲದಾಗ ಹಸಿ ನಾಲ್ಕು ಬೆರಳಷ್ಟ ಐತಿ, ಅದರ ಕೆಳಗ ಒಣ ಹೆಂಟಿ. ಮುಂದ ಐದು ದಿನದಾಗ ನಾಳಿ, ನಾಡದು ಒಂದೆರಡು ಕಡೆ ಅಷ್ಟ. ನಮಗ ಬರಲಿಕ್ಕಿಲ್ಲ ಅಂತನ ಹಿಡೀರಿ. ಶನಿವಾರ, ರವಿವಾರ ಹಲವು ಕಡೆ ಅಂದಾರ, ದಿನಕ್ಕ 20ರ ಆಸುಪಾಸು. ಶನಿವಾರದ್ದು ಇನ್ನೂ ದೂರ ಐತಿ, ಶುಕ್ರವಾರದ ಪ್ರಕಟಣೆ ನೋಡಿ ಗಟ್ಟಿ ಮಾಡೂಣ.”

ಆಗ ಹಿರಿಯರೊಬ್ಬರು, “ತಮ್ಮಾ, ಎಲ್ಲಾ ಹೇಳಿದಿ. ನಾ ನಾಳಿಗಿ ಕೂರಿಗಿ ಹೂಡ್ಲೋ ಬ್ಯಾಡೋ?” ಎಂದು ಕೇಳಿಯೇ ಕೇಳುತ್ತಾರೆ. ಕೇಳದಿದ್ದರೆ ನಿಮ್ಮ ಚರ್ಚೆ ಕೆಟ್ಟಿತೆಂದು ತಿಳಿಯಿರಿ. ಉತ್ತರ ಹೀಗಿರಬಹುದು: “ಕಾಕಾ, ನಿಮ್ಮದು ಎರಿ, ನೀರಿನ ಆಸರ ಇಲ್ಲ. ನಾಲ್ಕು ಬೆರಳ ಹಸಿಗೆ ಸೋಯಾ ಮೊಳಕಿ ಒಡೀತದ, ಮ್ಯಾಲೆ ಬರೂದರಾಗ ಒಣಗ್ತದ. ಶನಿವಾರದ ಮಳಿ ಬಿದ್ದು ಗೇಣ ಹಸಿ ಆಗಲಿ. ಕಾಲುವಿ ನೀರು ಇದ್ದವರು, ಬಾವಿ ಇದ್ದವರು ಬಿತ್ತಾಕ ಅಡ್ಡಿ ಇಲ್ಲ.”

ನೋಡಿರಿ, ಮುನ್ಸೂಚನೆ ಒಂದೇ, ಸಲಹೆ ಎರಡು. ಘಟಪ್ರಭಾ ಎಡದಂಡೆ ಕಾಲುವೆಯ ನೀರು ತಲುಪುವ ಹೊಲಕ್ಕೂ, ಮುಗಿಲನ್ನೇ ನೋಡುವ ಹೊಲಕ್ಕೂ ಒಂದೇ ಮಾತು ಹೇಳುವವರು ಹವಾಮಾನ ಓದಿದ್ದಾರೆ, ಊರನ್ನು ಓದಿಲ್ಲ.

ಮಾತು ಮುಗಿದ ಮೇಲೆ ಪಂಚಾಯಿತಿಯ ಗೋಡೆಯ ಕರಿಹಲಗೆಯ ಮೇಲೆ ಐದು ಸಾಲುಗಳಲ್ಲಿ ಬರೆದುಬಿಡಬೇಕು. ಕಟ್ಟೆಗೆ ಬರಲಾಗದವರೇ ಹೆಚ್ಚು. ಕಳೆ ತೆಗೆಯುವುದು, ಕಾಳು ಒಣಗಿಸುವುದು, ದನಕ್ಕೆ ಮೇವು ಕೂಡಿಡುವುದು ಬಹುಮಟ್ಟಿಗೆ ಹೆಣ್ಣುಮಕ್ಕಳ ಕೆಲಸ. ಮಳೆಯ ಸುದ್ದಿ ಅವರಿಗೆ ತಲುಪದಿದ್ದರೆ ಅಂಗಳದಲ್ಲಿ ಹರಡಿದ ಕಾಳು ನೆನೆಯುವುದು ತಪ್ಪುವುದಿಲ್ಲ. ಸ್ವಸಹಾಯ ಸಂಘದ ಸಭೆಯಲ್ಲಿ ಈ ಐದು ಸಾಲು ಓದಿಸುವ ಏರ್ಪಾಡು ಮಾಡಿಕೊಳ್ಳಿರಿ.

‘ಬರಬಹುದು’ ಎಂಬುದರ ಲೆಕ್ಕ

‘ಮಳೆ ಬರಬಹುದು, ಬರದೆಯೂ ಇರಬಹುದು’ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ, ‘ಬಂದೇ ಬರುತ್ತದೆ’ ಎನ್ನುವುದು ಇನ್ನೂ ಸುಲಭ. ಎರಡರಿಂದಲೂ ಕೇಳುವವರಿಗೆ ಉಪಯೋಗವಿಲ್ಲ. ಇಂಥ ಸೂಚನೆ ಹತ್ತು ಸಲ ಬಂದರೆ ಎಷ್ಟು ಸಲ ನಿಜವಾದೀತು ಎಂದು ಹೇಳಿರಿ. ‘ಹತ್ತರಲ್ಲಿ ಏಳು’ ಎಂಬುದು ಎಲ್ಲರಿಗೂ ತಿಳಿಯುವ ಭಾಷೆ. ವಹಿಯಲ್ಲಿ ಒಂದು ವರ್ಷದ ದಾಖಲೆಯಿದ್ದರೆ ಈ ಏಳು ನಿಮ್ಮ ಊರಿನದೇ ಅನುಭವದ ಏಳು ಆಗಿರುತ್ತದೆ.

ಹತ್ತರಲ್ಲಿ ಎಷ್ಟಾದರೆ ಕೆಲಸಕ್ಕೆ ಕೈ ಹಾಕಬೇಕೆಂಬುದು ಕೆಲಸವನ್ನು ಅವಲಂಬಿಸಿದೆ. ಮಾರ್ಚ್‌ನಲ್ಲಿ ಅರಿಶಿಣ ಕುದಿಸಿ ಕಣದಲ್ಲಿ ಹರಡಿದ್ದೀರಿ. ಅದು ಒಣಗಲು ಹತ್ತು–ಹದಿನೈದು ದಿನ ಬೇಕು. ರಾತ್ರಿ ಗುಡುಗು ಮಳೆಯ ಸಂಭವ ಹತ್ತರಲ್ಲಿ ಒಂದು ಎಂದಿದೆ. ರಾಶಿ ಕೂಡಿಸಿ ತಾಡಪತ್ರಿ ಹೊದಿಸಲು ಕೂಲಿ 500 ರೂಪಾಯಿ, ನೆನೆದು ಬಣ್ಣಗೆಟ್ಟರೆ ನಷ್ಟ 10,000 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿಯಿರಿ. ಇಪ್ಪತ್ತು ಸಲ ಹೊದಿಸಿ ಹತ್ತೊಂಬತ್ತು ಸಲ ಮಳೆ ಬರದಿದ್ದರೂ ನಿಮಗೆ ಹಾನಿಯಿಲ್ಲ. ಆದುದರಿಂದ ಹತ್ತರಲ್ಲಿ ಒಂದು ಎಂದರೂ ಹೊದಿಸಬೇಕು. ಅಥಣಿ ಕಡೆ ಒಣದ್ರಾಕ್ಷಿ ಮಾಡುವವರಿಗೂ ಇದೇ ಲೆಕ್ಕ.

ಬಿತ್ತನೆಯ ಲೆಕ್ಕ ಇದಕ್ಕೆ ತಿರುವುಮುರುವು. ಸೋಯಾ ಬೀಜ ಎಕರೆಗೆ 25ರಿಂದ 30 ಕಿಲೋ ಬೇಕು. ಈ ಬೀಜ ಮೃದು, ವರ್ಷಗಟ್ಟಲೆ ಕೂಡಿಟ್ಟರೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಆದುದರಿಂದ ಎರಡನೆಯ ಬಿತ್ತನೆಗೆ ಒಳ್ಳೆಯ ಬೀಜ ಸಿಗುವುದೇ ದುರ್ಲಭ, ಸಿಕ್ಕರೂ ಸಾಲ ಮಾಡಿ ತರಬೇಕು. ಜೂನ್ ಮೂರನೆಯ ವಾರದಲ್ಲಿ ನಾಲ್ಕು ದಿನ ಕಾದರೆ ಕಳೆದುಕೊಳ್ಳುವುದು ಅಲ್ಪ. ಅವಸರದಲ್ಲಿ ಬಿತ್ತಿ ಮೊಳಕೆ ಒಣಗಿದರೆ ಹೋಗುವುದು ಬೀಜ, ಗೊಬ್ಬರ, ಗಳೆಯ ಬಾಡಿಗೆ ಎಲ್ಲವೂ. ಆದುದರಿಂದ ಇಲ್ಲಿ ಹತ್ತರಲ್ಲಿ ಆರೇಳು ಎಂದರೂ ಸಾಲದು, ಸಲಾಕೆಯೂ ಹೌದೆನ್ನಬೇಕು. 2023ರ ಆಗಸ್ಟ್ 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಮಳೆ ವಾಡಿಕೆಗಿಂತ ನೂರಕ್ಕೆ 36ರಷ್ಟು ಕಡಿಮೆ. ಅಂಥ ವರ್ಷದಲ್ಲಿ ಎರಡು ಸಲ ಬೀಜ ಕೊಂಡ ಮನೆಯ ಸಾಲ ಹಿಂಗಾರಿಯ ಕಡಲೆ, ಬಿಳಿಜೋಳಗಳಿಂದ ತೀರುವಂಥದ್ದಲ್ಲ.

ಇವೆರಡರ ನಡುವೆ ಉಳಿದ ಕೆಲಸಗಳು ಬರುತ್ತವೆ. ಔಷಧಿ ಸಿಂಪಡಿಸಿದ ಮೇಲೆ ನಾಲ್ಕಾರು ತಾಸಾದರೂ ಮಳೆ ಬೀಳಬಾರದು, ಗಾಳಿಯೂ ಜೋರಾಗಿರಬಾರದು. ಮೇಲುಗೊಬ್ಬರವಾಗಿ ಯೂರಿಯಾ ಕೊಡಲು ಹಗುರ ಮಳೆಯ ಮುನ್ನಾದಿನ ಒಳ್ಳೆಯದು, ಭಾರಿ ಮಳೆಯ ಮುನ್ನಾದಿನ ಕೊಟ್ಟರೆ ಗೊಬ್ಬರ ಹಳ್ಳ ಸೇರುತ್ತದೆ. ಅರಿಶಿಣದ ಹೊಲದಲ್ಲಿ ನೀರು ನಿಂತರೆ ಗಡ್ಡೆ ಕೊಳೆಯುವುದರಿಂದ ಭಾರಿ ಮಳೆಯ ಸೂಚನೆ ಬಂದ ಕೂಡಲೆ ಬಸಿಗಾಲುವೆ ಬಿಡಿಸಬೇಕು. ದ್ರಾಕ್ಷಿಯವರು ಅಕ್ಟೋಬರ್ ಚಾಟನಿಯ ನಂತರದ ಮಳೆ, ಇಬ್ಬನಿಗಳನ್ನು ಕಣ್ಣಿಟ್ಟು ನೋಡಬೇಕು. ಎಲೆ ಒದ್ದೆಯಾಗಿಯೇ ಇದ್ದಷ್ಟು ಹೊತ್ತು ಬೂಜು ರೋಗಕ್ಕೆ ಸುಗ್ಗಿ.

ಆಗಸ್ಟಿನ ಹೊಳೆ

2005, 2019, 2021ರ ನೆರೆಯನ್ನು ಕಂಡ ಹೊಳೆದಂಡೆಯ ಊರುಗಳಿಗೆ ಹೆಚ್ಚು ಹೇಳಬೇಕಿಲ್ಲ. ಜುಲೈ, ಆಗಸ್ಟ್‌ನಲ್ಲಿ ಚರ್ಚೆಯ ಎರಡನೆಯ ಭಾಗ ಹೊಳೆಗೇ ಮೀಸಲಾಗಿರಬೇಕು. ಅದರಲ್ಲಿ ನೋಡತಕ್ಕದ್ದು ಮೂರು ಸಂಗತಿ. ಘಟ್ಟದಲ್ಲಿ ಮಳೆ ಎಷ್ಟು? ಕೊಯ್ನಾ ಆಣೆಕಟ್ಟು ಎಷ್ಟು ತುಂಬಿದೆ? ರಾಜಾಪುರ ಬ್ಯಾರೇಜಿನಿಂದ ಬರುವ ಕೃಷ್ಣೆಯ ನೀರು ಮತ್ತು ದೂಧಗಂಗೆಯ ನೀರು ಕೂಡಿ ಕಲ್ಲೋಳದ ಹತ್ತಿರ ಎಷ್ಟು ಕ್ಯೂಸೆಕ್ಸ್ ಆಗಿದೆ?

ಕ್ಯೂಸೆಕ್ಸ್, ಟಿ.ಎಂ.ಸಿ. ಎಂಬ ಪದಗಳನ್ನು ಪತ್ರಿಕೆಯಲ್ಲಿ ದಿನಾ ಓದುತ್ತೇವೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಒಂದು ಲಕ್ಷ ಕ್ಯೂಸೆಕ್ಸ್ ಒಂದು ಹಗಲು ಒಂದು ರಾತ್ರಿ ಹರಿದರೆ 8.64 ಟಿ.ಎಂ.ಸಿ. ಕೊಯ್ನಾದ ಒಟ್ಟು ಸಾಮರ್ಥ್ಯ ಸುಮಾರು 105 ಟಿ.ಎಂ.ಸಿ. ಈಗ ತಿಳಿಯಿತಲ್ಲ! ಜುಲೈ ಮೊದಲಲ್ಲಿ ಆಣೆಕಟ್ಟು ಅರ್ಧ ಖಾಲಿಯಿರುವಾಗ ಘಟ್ಟದಲ್ಲಿ ಎಷ್ಟು ಸುರಿದರೂ ಅದನ್ನು ಹೊಟ್ಟೆಗೆ ಹಾಕಿಕೊಳ್ಳಲು ಜಾಗವಿರುತ್ತದೆ. ಆಗಸ್ಟ್‌ನಲ್ಲಿ ನೂರಕ್ಕೆ 90 ತುಂಬಿದ ಮೇಲೆ ಅದೇ ಮಳೆ ಬಿದ್ದರೆ ನೀರು ಕೆಳಕ್ಕೆ ಬಿಡದೆ ಗತ್ಯಂತರವಿಲ್ಲ. ಆದಕಾರಣ ಘಟ್ಟದ ಮಳೆಯ ಅಂಕಿಯನ್ನು ಒಂಟಿಯಾಗಿ ಹೇಳಬಾರದು, ಆಣೆಕಟ್ಟಿನಲ್ಲಿ ಉಳಿದ ಜಾಗದ ಜೊತೆಗೆ ಹೇಳಬೇಕು. ಇದರ ಮೇಲೆ ಆಣೆಕಟ್ಟಿನ ಕೆಳಗೆ ಬೀಳುವ ಮಳೆ, ಪಂಚಗಂಗೆ, ವಾರಣೆಯ ನೀರು ಬೇರೆ ಸೇರುತ್ತದೆ.

ಕೊಯ್ನಾದ ನೀರು ಕರಾಡದಲ್ಲಿ ಕೃಷ್ಣೆಗೆ ಕೂಡಿ, ಸಾಂಗಲಿ, ನರಸೋಬವಾಡಿ ದಾಟಿ ನಮ್ಮ ಕಡೆಗೆ ಬರಲು ಸಮಯ ಬೇಕು. ಆ ಸಮಯವೇ ನಮಗೆ ಸಿಗುವ ಮುನ್ನೆಚ್ಚರಿಕೆ. ನೀರು ಬಿಟ್ಟ ಸುದ್ದಿ ಬಂದ ರಾತ್ರಿಯೇ ದಂಡೆಯ ಪಂಪಸೆಟ್ಟು, ಪೈಪು, ಸ್ಟಾರ್ಟರ್ ಎತ್ತುವ ಕೆಲಸ ಹಂಚಿಕೊಳ್ಳಬೇಕು. ಮೇವಿನ ಬಣವೆ, ದನಕರು ಎತ್ತರದ ಜಾಗಕ್ಕೆ ಹೋಗಬೇಕು. ಇದನ್ನು ಯಾರು ಮಾಡುತ್ತಾರೆ, ಯಾರ ಟ್ರ್ಯಾಕ್ಟರು ಬರುತ್ತದೆ ಎಂದು ಹೆಸರು ಹಿಡಿದು ಕಟ್ಟೆಯ ಮೇಲೆಯೇ ತೀರ್ಮಾನವಾಗಲಿ. ನೀರು ಮನೆ ಬಾಗಿಲಿಗೆ ಬಂದ ಮೇಲೆ ಚರ್ಚೆಗೆ ಅವಕಾಶವಿಲ್ಲ.

ಗುಡುಗು ಸಿಡಿಲಿನ ವಿಷಯವನ್ನು ಏಪ್ರಿಲ್, ಮೇ ತಿಂಗಳ ಪ್ರತಿ ಚರ್ಚೆಯಲ್ಲಿ ಒಮ್ಮೆಯಾದರೂ ಎತ್ತಿರಿ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ, ಆ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರವಿದೆಯೆಂದು ತಿಳಿಯುತ್ತದೆ. ಆದರೆ ಗುಡುಗು ಕಿವಿಗೆ ಬಿತ್ತೆಂದರೆ ದೂರ ಎಷ್ಟೇ ಇರಲಿ, ಹೊಲ ಬಿಟ್ಟು ಗಟ್ಟಿ ಚಾವಣಿಯ ಮನೆ ಸೇರಬೇಕು. ಬೇವಿನ ಗಿಡದ ಕೆಳಗೆ ನಿಂತು ಮಳೆ ತಪ್ಪಿಸಿಕೊಳ್ಳುವ ರೂಢಿಯಿಂದಲೇ ಪ್ರತಿ ವರ್ಷ ಜೀವ ಹೋಗುತ್ತಿವೆ. ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆ ಸಿದ್ಧಪಡಿಸಿದ ‘ದಾಮಿನಿ’ ಎಂಬ ಮೊಬೈಲ್ ಸೇವೆ ಹತ್ತಿರದ ಸಿಡಿಲಿನ ಸೂಚನೆ ಕೊಡುತ್ತದೆ. ಕುರಿ ಕಾಯುವವರ ಮೊಬೈಲಿಗೆ ಅದನ್ನು ಹಾಕಿಸಿಕೊಡಿರಿ.

ವಹಿಯನ್ನು ರೋಹಿಣಿ ಹತ್ತುವ ಮೇ 25ರ ಹೊತ್ತಿಗೆ ತೆರೆಯುವುದು ಒಳ್ಳೆಯದು. ಪುಟದಲ್ಲಿ ತಾರೀಖು, ಮಳೆ ನಕ್ಷತ್ರ, ಮುನ್ಸೂಚನೆ, ಎರಡು ಡಬ್ಬಿಗಳ ಅಂಕಿ, ಎರೆ ಮತ್ತು ಮಸಾರಿಯ ಹಸಿ, ಅಂದು ಕೊಟ್ಟ ಸಲಹೆ ಇಷ್ಟಿರಲಿ. ಹಾಗೆ ಮಾಡಿದರೆ ಮಿರಗ ಬರುವ ವೇಳೆಗೆ ನಾಲ್ಕು ಪ್ರಕಟಣೆಗಳನ್ನು ಓದಿ, ಡಬ್ಬಿಯೊಡನೆ ಹೋಲಿಸಿ ನೋಡಿದ ಅನುಭವ ಊರಿಗೆ ಆಗಿರುತ್ತದೆ, ಮೊದಲ ಬಿತ್ತನೆಯ ಮಾತಿಗೆ ಆ ನಾಲ್ಕೂ ಕೈಯಲ್ಲಿರುತ್ತವೆ.